ನಾನೂರ ಇಪ್ಪತ್ತು ರೂಪಾಯಿಯ ತಕ್ಕಡಿ, ಅತ್ತೆಯ ಬೆಳ್ಳಿ ರೂಪಾಯಿಗಳು

ಈ ಪುಟಾಣಿ ಡಿಜಿಟಲ್ ತಕ್ಕಡಿ ಮನೆಗೆ ಬಂದದ್ದು ನನ್ನ ಮೈದುನನ ದೆಸೆಯಿಂದ. ಜಾತ್ರೆಯಲ್ಲಿ ನೆಲದ ಮೇಲೆ ನಾಣ್ಯ ಹರವಿಕೊಂಡು ಕುಳಿತಿದ್ದವನಿಂದ ಮೂರು ಸಾವಿರ ಕೊಟ್ಟು 1911ರ ಬೆಳ್ಳಿ ರೂಪಾಯಿ ತಂದು, "ಅತ್ತಿಗೆ, ಇದು ಹಂದಿ ರೂಪಾಯಿ!" ಎಂದು ಹಿಗ್ಗಿದ. ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿದ್ದ ಆನೆ ಜನರ ಕಣ್ಣಿಗೆ ಹಂದಿಯಾಗಿ ಕಂಡು ಗಲಾಟೆಯಾಗಿತ್ತು. ಸರ್ಕಾರ ಆ ನಾಣ್ಯ ಹಂಚುವುದನ್ನು ನಿಲ್ಲಿಸಿ, 1912ರಲ್ಲಿ ಆನೆಯ ರೂಪ ತಿದ್ದಿ ಹೊಸದಾಗಿ ಟಂಕಿಸಿತು. ಹಾಗಾಗಿ 1911ಕ್ಕೆ ಬೆಲೆ. ಬೆಲೆಯಿದ್ದಲ್ಲಿ ಖೋಟಾ ಇರದೆ ಇರುತ್ತದೆಯೇ?

ಚಿನಿವಾರರ ಅಂಗಡಿಯೊಂದಕ್ಕೆ ಒಯ್ದೆವು. ಒರೆಗಲ್ಲಿಗೆ ಮೆತ್ತಗೆ ತೀಡಿ, "ಬೆಳ್ಳಿಯ ಹಾಗೇ ಇದೆ" ಎಂದರು. ಆ 'ಹಾಗೇ' ನನಗೆ ಸಮಾಧಾನ ಕೊಡಲಿಲ್ಲ. ಅಂದು ರಾತ್ರಿಯೇ ಮೊಬೈಲಿನಲ್ಲಿ ಈ ತಕ್ಕಡಿ ತರಿಸಿದೆ. ಬೆಲೆ 420 ರೂಪಾಯಿ, ಅಂಗೈಯಗಲ, 200 ಗ್ರಾಂವರೆಗೆ ತೂಗುತ್ತದೆ, ಗ್ರಾಂನ ನೂರನೆಯ ಒಂದು ಭಾಗವನ್ನೂ ತೋರಿಸುತ್ತದೆ.

ಮೊದಲು ತಕ್ಕಡಿಯನ್ನೇ ಪರೀಕ್ಷಿಸಿದೆ. 2011ರಲ್ಲಿ ಬಂದ, ರೂಪಾಯಿ ಚಿಹ್ನೆಯಿರುವ ಹತ್ತರ ನಾಣ್ಯದ ತೂಕ 7.71 ಗ್ರಾಂ. ಇಟ್ಟರೆ 7.72 ತೋರಿಸಿತು. ಸಾಕು.

ಬ್ರಿಟಿಷರ ಕಾಲದ ರೂಪಾಯಿ ಎಂದರೆ ಸರಿಯಾಗಿ ಒಂದು ತೊಲ, 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಮೈದುನನದು 10.21 ಬಂತು. "ಸವೆದಿರಬೇಕು" ಎಂದ. ಹೌದು, ಅತ್ತೆಯವರ 1862ರ ವಿಕ್ಟೋರಿಯಾ ರೂಪಾಯಿಯೂ 11.41 ಅಷ್ಟೇ ಇದೆ, ಪ್ರತಿ ದೀಪಾವಳಿಗೂ ವಿಭೂತಿ ಹಾಕಿ ಉಜ್ಜಿ ಉಜ್ಜಿ ರಾಣಿಯ ಮೂಗೇ ಮಾಯವಾಗಿದೆ. ಆದರೆ ಇವನ ದೊರೆಯ ಗಡ್ಡದ ಒಂದೊಂದು ಕೂದಲೂ ಎಣಿಸುವ ಹಾಗಿದೆ. ಮುಖ ಸವೆಯದೆ ತೂಕ ಮಾತ್ರ ಸವೆದೀತೇ?

ತಕ್ಕಡಿಯ ನಿಜವಾದ ಉಪಯೋಗ ನೀರಿನಲ್ಲಿದೆ. ನೀರಿನ ಬಟ್ಟಲನ್ನು ಅದರ ಮೇಲಿಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಮುಳುಗಿಸಿ ಹಿಡಿಯಬೇಕು. ಆಗ ತೋರುವುದು ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ, ಆ ಹಳೆಯ ಬೆಳ್ಳಿಗೆ 10.3ರ ಆಸುಪಾಸು ಬರಬೇಕು. ಮೂಗು ಹೋದ ರಾಣಿ ನೀರಿನಲ್ಲಿ 1.10 ತೋರಿಸಿದಳು, ಲೆಕ್ಕ 10.37. ಮೈದುನನದು 1.17, ಲೆಕ್ಕ 8.7. ತಾಮ್ರಕ್ಕಿಂತಲೂ ಹಗುರ! ಮೇಲೆ ಬೆಳ್ಳಿಯ ಲೇಪ, ಒರೆಗಲ್ಲು ಕಂಡದ್ದು ಅದನ್ನಷ್ಟೇ.

ದೂರುಗಳೂ ಇವೆ. ಅರವತ್ತು ಸೆಕೆಂಡಿಗೆ ತಾನೇ ಆರಿಹೋಗುತ್ತದೆ, ಅದೂ ದಾರ ಹಿಡಿದು ಉಸಿರು ಬಿಗಿಹಿಡಿದಿರುವಾಗಲೇ. ಫ್ಯಾನ್ ಹಾಕಿದರೆ ಅಂಕಿ ಕುಣಿಯುತ್ತದೆ. ಸ್ಟೀಲ್ ಲೋಟದಲ್ಲಿ ನೀರಿಟ್ಟರೆ 200 ಗ್ರಾಂ ದಾಟಿ ಮುನಿಸಿಕೊಳ್ಳುತ್ತದೆ. ಕೊನೆಗೆ ಐಸ್‌ಕ್ರೀಮಿನ ಖಾಲಿ ಪ್ಲಾಸ್ಟಿಕ್ ಕಪ್ಪೇ ಗತಿಯಾಯಿತು. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದರೆ ಲೆಕ್ಕ ತಪ್ಪುತ್ತದೆ, ಬೆರಳಿನಿಂದ ಸವರಿ ಬಿಡಿಸಬೇಕು. ಜೊತೆಗೆ ಬಂದ ಸೂಚನೆಯ ಚೀಟಿ ಓದಲು ಭೂತಗನ್ನಡಿ ಬೇಕು, ಕನ್ನಡವಂತೂ ಇಲ್ಲ.

ಇನ್ನೊಂದು ಮಾತು. ಇದು ಲೋಹವನ್ನು ಹೇಳುತ್ತದೆಯೇ ಹೊರತು ಟಂಕಸಾಲೆಯನ್ನಲ್ಲ. ಯಾರಾದರೂ ಅಸಲಿ ಬೆಳ್ಳಿಯಲ್ಲೇ ಅಚ್ಚು ಹಾಕಿದರೆ, ಅಥವಾ ಸಾಧಾರಣ ನಾಣ್ಯದ ಇಸವಿಯನ್ನು ಕೆತ್ತಿ ಅಪರೂಪದ 1939 ಮಾಡಿದರೆ, ತಕ್ಕಡಿ ಅದನ್ನು ಒಪ್ಪಿಕೊಂಡುಬಿಡುತ್ತದೆ. ಆಗ ಬೇಕಾದದ್ದು ಬಲ್ಲವರ ಕಣ್ಣು.

ಅತ್ತೆಯವರ ಒಂಬತ್ತು ನಾಣ್ಯಗಳಲ್ಲಿ ಎಂಟು ಪಾಸಾದವು. 1942ರದು ಮಾತ್ರ ತೂಕದಲ್ಲಿ ಸರಿಯಿದ್ದೂ ನೀರಿನಲ್ಲಿ 9.5ಕ್ಕೆ ನಿಂತಿತು. ನಲವತ್ತು ವರ್ಷದಿಂದ ಅದನ್ನು ಖೋಟಾ ಎಂದೇ ಕಲಶದಿಂದ ಹೊರಗಿಟ್ಟಿದ್ದರು. ಪಾಪ, ಅದು ಅಸಲಿಯೇ. ಯುದ್ಧಕಾಲದಲ್ಲಿ, 1940ರಿಂದ, ಸರ್ಕಾರವೇ ರೂಪಾಯಿಯ ಬೆಳ್ಳಿಯನ್ನು ನೂರಕ್ಕೆ ಐವತ್ತಕ್ಕೆ ಇಳಿಸಿತು. ಖೋಟಾ ಮಾಡುವವರಿಗೆ ಕಷ್ಟವಾಗಲೆಂದು ಅಂಚಿನ ಗೀರುಗಳ ನಡುವೆ ಸಣ್ಣದೊಂದು ಕಾಲುವೆಯನ್ನೂ ಕೊರೆಯಿತು. ಉಗುರು ಆಡಿಸಿದರೆ ಅದು ಇಂದಿಗೂ ಸಿಗುತ್ತದೆ. ಇದನ್ನೆಲ್ಲ ವಿವರಿಸಿ, ಈ ಸಲವಾದರೂ ಕಲಶದಲ್ಲಿ ಇಡೋಣವೇ ಎಂದು ಕೇಳಿದೆ.

"ಅರ್ಧ ಬೆಳ್ಳಿ ಎಂದರೆ ಅರ್ಧ ಖೋಟಾ ಎಂದೇ ಅಲ್ಲವೇನೇ?" ಎಂದವರೇ ಎಂಟನ್ನು ಮಾತ್ರ ಎಣಿಸಿ ಗಂಟು ಕಟ್ಟಿದರು.