ಬರ್ಡ್ಸ್ ಕಸ್ಟರ್ಡ್ ಪೌಡರ್: ಮೊಟ್ಟೆಯಿಲ್ಲದ ಟ್ರೈಫಲ್‌ಗೆ ಎಷ್ಟು ಒಗ್ಗುತ್ತದೆ?

ಡಬ್ಬಿ ತೆರೆದಾಗ ಪುಡಿ ಹಳದಿಯಾಗಿ ಕಾಣುವುದಿಲ್ಲ. ನಸುಗುಲಾಬಿ ಛಾಯೆಯ ನುಣುಪು ಹಿಟ್ಟು. ಬೆರಳ ನಡುವೆ ಒತ್ತಿದರೆ ಕಾರ್ನ್‌ಫ್ಲೋರ್ ಹಾಗೇ ಕಿರ್ರೆನ್ನುತ್ತದೆ. ನಾಲ್ಕು ಚಮಚ ತಣ್ಣನೆ ಹಾಲು ಬಿದ್ದದ್ದೇ ತಡ, ಹಳದಿ ಎದ್ದು ಬರುತ್ತದೆ. ಒಳಗಿರುವುದು ಕಾರ್ನ್‌ಫ್ಲೋರ್, ಉಪ್ಪು, ಅನಾಟೊ ಬೀಜದ ಬಣ್ಣ, ಪರಿಮಳ, ಇಷ್ಟೇ. ಮೊಟ್ಟೆ ಇಲ್ಲ, ಸಕ್ಕರೆಯನ್ನೂ ನಾವೇ ಹಾಕಬೇಕು. ಬಿಸಿನೀರು ಸುರಿದರೆ ಸಾಕು ಎನ್ನುವ ಇನ್‌ಸ್ಟಂಟ್ ಡಬ್ಬಿ ಬೇರೆ. ಅದರಲ್ಲಿ ಸಿಹಿ ಮೊದಲೇ ಸೇರಿರುವುದರಿಂದ ಟ್ರೈಫಲ್‌ಗೆ (ಕೇಕ್, ಜೆಲ್ಲಿ, ಹಣ್ಣು, ಕಸ್ಟರ್ಡ್, ಕೆನೆಯನ್ನು ಪದರ ಪದರವಾಗಿ ಜೋಡಿಸುವ ಇಂಗ್ಲಿಷ್ ಸಿಹಿಗೆ) ಅದು ಬೇಡ.

ಬರ್ಮಿಂಗ್‌ಹ್ಯಾಮ್‌ನ ಔಷಧಿ ವ್ಯಾಪಾರಿ ಆಲ್ಫ್ರೆಡ್ ಬರ್ಡ್ 1837ರಲ್ಲಿ ಈ ಪುಡಿ ಮಾಡಿದ್ದೇ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ ಎಂದು. ಹಾಗಾಗಿ ಮೊಟ್ಟೆ ಬಿಟ್ಟವರು ಇಂಗ್ಲಿಷ್ ಟ್ರೈಫಲ್ ಕೆಡಿಸಿದರು ಎಂಬ ಮಾತಿಗೆ ಬೆಲೆಯಿಲ್ಲ. ಪನ್ನೀರು ಹಾಕಲು ಹಿಂಜರಿಯುವವರೂ ಕೇಳಿ: 1596ರ ಥಾಮಸ್ ಡಾಸನ್ ಅಡುಗೆ ಪುಸ್ತಕದ ಟ್ರೈಫಲ್‌ನಲ್ಲಿ ಕೇಕೂ ಇರಲಿಲ್ಲ, ಕಸ್ಟರ್ಡೂ ಇರಲಿಲ್ಲ. ಸಕ್ಕರೆ, ಶುಂಠಿ, ಪನ್ನೀರು ಹಾಕಿ ಬೆಚ್ಚಗೆ ಮಾಡಿದ ಗಟ್ಟಿ ಕೆನೆ, ಅಷ್ಟೇ.

ಅಳತೆಗೆ ಬರೋಣ. ಮೇಲೆ ಸುರಿದುಕೊಳ್ಳುವ ಕಸ್ಟರ್ಡ್‌ಗೆ ಅರ್ಧ ಲೀಟರ್ ಹಾಲಿಗೆ ಸುಮಾರು 25 ಗ್ರಾಂ ಪುಡಿ ಸಾಕು. ಟ್ರೈಫಲ್‌ನಲ್ಲಿ ಅದು ಪದರವಾಗಿ ನಿಲ್ಲಬೇಕು, ಅದಕ್ಕೆ 35 ಗ್ರಾಂ. ಸಕ್ಕರೆ 40 ಗ್ರಾಂ. ಮಾವು ಸಿಹಿಯಿದ್ದರೆ 25ಕ್ಕೆ ಇಳಿಸಿ. ಹಾಲಿನ ವಿಷಯದಲ್ಲಿ ಒಂದು ಗೊಂದಲವಿದೆ. ಬ್ರಿಟನ್ನಿನಲ್ಲಿ ನೀಲಿ ಮುಚ್ಚಳ ಎಂದರೆ ಕೆನೆ ತೆಗೆಯದ ಹಾಲು, ನಮ್ಮ ನಂದಿನಿ ನೀಲಿ ಪ್ಯಾಕೆಟ್ ಎಂದರೆ 3% ಕೊಬ್ಬಿನ ಟೋನ್ಡ್. ಅಲ್ಲಿನ ಅಳತೆಯನ್ನು ಇಲ್ಲಿ ಹಾಗೇ ಹಾಕಿ ‘ತೆಳ್ಳಗಾಯ್ತು’ ಎನ್ನುವವರು ಪುಡಿ ಹೆಚ್ಚಿಸುವ ಬದಲು ಎರಡು ದೊಡ್ಡ ಚಮಚ ಕೆನೆ ಸೇರಿಸಲಿ. ಪುಡಿ ಹೆಚ್ಚಾದರೆ ಗಂಜಿಯ ರುಚಿ ಬರುತ್ತದೆ.

ಪುಡಿಯನ್ನು ಪೂರ್ತಿ ತಣ್ಣಗಿನ ಹಾಲಿನಲ್ಲೇ ಕಲಸಬೇಕು. ಬಿಸಿ ಹಾಲಿಗೆ ಒಣ ಪುಡಿ ಬಿದ್ದರೆ ಹೊರಗಿನ ಪಿಷ್ಟ ತಕ್ಷಣ ಅಂಟಾಗಿ, ಒಳಗಿನದು ಒಣಗಿಯೇ ಉಳಿಯುತ್ತದೆ. ಆ ಗಂಟು ಎಷ್ಟು ಕಡೆದರೂ ಒಡೆಯುವುದಿಲ್ಲ, ಸೋಸಬೇಕಷ್ಟೇ. ಕುದಿ ಬಂದ ಮೇಲೆ ಒಂದು ನಿಮಿಷ ಸಣ್ಣ ಉರಿಯಲ್ಲಿ ತಿರುವಿ. ಗಟ್ಟಿಯಾಯಿತೆಂದು ಕುದಿ ಬರುವ ಮೊದಲೇ ಇಳಿಸಿದರೆ ಹಸಿ ಹಿಟ್ಟಿನ ವಾಸನೆ ಹೋಗುವುದಿಲ್ಲ. ರುಚಿ ನೋಡಿದ ಚಮಚವನ್ನು ಮತ್ತೆ ಪಾತ್ರೆಗೆ ಅದ್ದಬೇಡಿ. ಇದು ಬರೀ ಎಂಜಲಿನ ಮಾತಲ್ಲ, ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು, ಆರಿದ ಕಸ್ಟರ್ಡನ್ನು ನೀರಾಗಿಸುತ್ತದೆ.

ಬುಡಕ್ಕೆ ಅಯ್ಯಂಗಾರ್ ಬೇಕರಿಯ ಮೊಟ್ಟೆಯಿಲ್ಲದ ಪ್ಲೇನ್ ಕೇಕ್ ಒಳ್ಳೆಯ ಆಯ್ಕೆ. ಹಿಂದಿನ ದಿನವೇ ಹೋಳು ಮಾಡಿ ತೆರೆದಿಟ್ಟು ಒಣಗಿಸಿ, ಇಲ್ಲದಿದ್ದರೆ ರಸ ಬಿದ್ದೊಡನೆ ಮುದ್ದೆಯಾಗುತ್ತದೆ. 150 ಗ್ರಾಂ ಕೇಕಿಗೆ, ಶೆರ್ರಿ ವೈನಿನ ಬದಲು, 60 ಮಿಲಿ ಕಿತ್ತಳೆ ರಸ. ಹನಿ ಕೇಕ್ ಆದರೆ ರಸವೇ ಬೇಡ, ಪಾಕ ಅದರಲ್ಲೇ ಇದೆ. ಆಗ ಕಸ್ಟರ್ಡಿನ ಸಕ್ಕರೆಯನ್ನು ಅರ್ಧ ಮಾಡಿ.

ಜೆಲ್ಲಿಗೆ ಪ್ರಾಣಿಮೂಲದ ಜೆಲಟಿನ್ ಬೇಡವೆನ್ನುವವರಿಗೆ ಕಡಲಪಾಚಿಯಿಂದ ತೆಗೆದ ಅಗರ್ ಇದೆ. ಪುಡಿಯಾದರೆ ಅರ್ಧ ಲೀಟರಿಗೆ 4 ಗ್ರಾಂ. ಅದನ್ನು ನೀರಿನಲ್ಲೇ ಎರಡು ನಿಮಿಷ ಕುದಿಸಿ, ಆಮೇಲೆ ಉಗುರುಬೆಚ್ಚಗಿನ ಹಣ್ಣಿನ ರಸ ಸೇರಿಸಿ. ಹುಳಿ ರಸದೊಂದಿಗೆ ಕುದಿಸಿದರೆ ಅಗರ್ ಬಲ ಕಳೆದುಕೊಳ್ಳುತ್ತದೆ, ಫ್ರಿಜ್‌ನಿಂದ ತೆಗೆದ ರಸ ಸುರಿದರೆ ಅಲ್ಲಲ್ಲೇ ಗಂಟುಗಟ್ಟುತ್ತದೆ. ಕಸ್ಟರ್ಡನ್ನು ಜೆಲ್ಲಿಯ ಮೇಲೆ ಸುರಿಯುವುದು ಬೆಚ್ಚಗಿರುವಾಗ. ಬಿಸಿಯಾಗಿದ್ದರೆ ಜೆಲಟಿನ್ ಜೆಲ್ಲಿ ಕರಗುತ್ತದೆ. ಪೂರ್ತಿ ಆರಿದ್ದರೆ ಕಸ್ಟರ್ಡ್ ಒಡೆದ ಮೊಸರಿನಂತೆ ತುಂಡುತುಂಡಾಗಿ ಬೀಳುತ್ತದೆ.

ಹಣ್ಣಿನಲ್ಲಿ ಎಚ್ಚರ ಬೇಕಾದದ್ದು ಅನಾನಸ್. ಹಸಿ ಅನಾನಸ್ಸಿನ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸಿ, ಕೆಲವೇ ಗಂಟೆಗಳಲ್ಲಿ ಕಹಿ ತರುತ್ತದೆ. ಸಕ್ಕರೆಯೊಂದಿಗೆ ಐದು ನಿಮಿಷ ಬೇಯಿಸಿ ಹಾಕಿದರೆ ಆ ತೊಂದರೆ ಇಲ್ಲ. ಕೀವಿಗೂ ಇದೇ ಮಾತು. ಬಾಳೆಹಣ್ಣನ್ನು ಕೊನೆಗೆ ಹಾಕಿ.

ಮೇಲಿನ ಕೆನೆಗೆ ಬಹಳ ಜನ ಅಮೂಲ್ ಫ್ರೆಶ್ ಕ್ರೀಮ್ ತಂದು ಅರ್ಧ ಗಂಟೆ ಕಡೆದು ಸೋಲುತ್ತಾರೆ. ಅದರಲ್ಲಿ 25% ಕೊಬ್ಬು. ನೊರೆ ನಿಲ್ಲಲು ಕನಿಷ್ಠ 30% ಬೇಕು. ಬ್ರಿಟನ್ನಿನ ಡಬಲ್ ಕ್ರೀಮ್‌ನಲ್ಲಿ 48% ಇರುವುದರಿಂದ ಅಲ್ಲಿ ಈ ತೊಂದರೆಯೇ ಇಲ್ಲ. ಇಲ್ಲಿ ವಿಪ್ಪಿಂಗ್ ಕ್ರೀಮ್ ಎಂದೇ ಕೇಳಿ ತನ್ನಿ, ಅಥವಾ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ ಅಷ್ಟೇ ಫ್ರೆಶ್ ಕ್ರೀಮ್ ಬೆರೆಸಿ ಹರಡಿ. ಆ ಸಣ್ಣ ಹುಳಿ ಮಾವಿನ ಜೊತೆ ಕೆನೆಗಿಂತ ಚೆನ್ನಾಗಿ ಹೊಂದುತ್ತದೆ.

ಇನ್ನು ಈ ಡಬ್ಬಿಯೇ ಬೇಕೇ? ಲಂಡನ್ನಿನಲ್ಲೋ ಮ್ಯಾಂಚೆಸ್ಟರ್‌ನಲ್ಲೋ ಇರುವವರು ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಗಂಟಿಲ್ಲದೆ ಕರಗುತ್ತದೆ, ಪರಿಮಳ ಹದವಾಗಿದೆ, ಸಿಹಿ ನಮ್ಮ ಕೈಯಲ್ಲಿದೆ. ಬೆಂಗಳೂರಿನಲ್ಲಿ ಆಮದಿನ ಬೆಲೆ ಕೊಟ್ಟು ಹುಡುಕುವ ಅಗತ್ಯ ಕಾಣುವುದಿಲ್ಲ. ವೀಕ್‌ಫೀಲ್ಡ್ ಅಥವಾ ಬ್ರೌನ್ ಅಂಡ್ ಪೋಲ್ಸನ್ ಪುಡಿಯೂ ಪಿಷ್ಟದ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡುತ್ತದೆ. ಏಲಕ್ಕಿ, ಕೇಸರಿ ಹಾಕುವುದಾದರೆ ಯಾವ ಪುಡಿಯೂ ಬೇಡ: 35 ಗ್ರಾಂ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು, ಬಿಸಿ ಹಾಲಲ್ಲಿ ನೆನೆಸಿದ ಹತ್ತು ಎಸಳು ಕೇಸರಿ ಸಾಕು. ಬರ್ಡ್ಸ್‌ನ ವೆನಿಲಾ ಪರಿಮಳ ಏಲಕ್ಕಿಯೊಂದಿಗೆ ಜಗಳವಾಡುತ್ತದೆ.

ಮಾಡಿದ್ದನ್ನು ಫ್ರೀಜರ್‌ಗೆ ಇಡಬೇಡಿ, ಕಸ್ಟರ್ಡ್ ನೀರು ಬಿಡುತ್ತದೆ. ಫ್ರಿಜ್‌ನಲ್ಲೂ ಮರುದಿನದೊಳಗೆ ಮುಗಿಸಿ.