ಕಾರವಾರದ ಡಯಟಿಷಿಯನ್ ಹತ್ತಿರ ಮೂರು ತಿಂಗಳು: ಒಬ್ಬ ಟೈಲರ್ ತಾಯಿಯ ಅನುಭವ

ಕೋಡಿಬಾಗದಲ್ಲಿ ಹೊಲಿಗೆ ಅಂಗಡಿ ಹಾಕಿ ನನಗೆ ಹತ್ತೊಂಬತ್ತು ವರ್ಷ ಆಯಿತು. ಮೇ ತಿಂಗಳು ಬಂತೆಂದರೆ ಯೂನಿಫಾರ್ಮ್ ಕೆಲಸವೇ ಕೆಲಸ. ಹಳೆಯ ಅಳತೆ ಪುಸ್ತಕ ಒಂದನ್ನೂ ಬಿಸಾಕಿಲ್ಲ. ಈ ಸಲ ಸುಮ್ನೆ 2010ರ ಪುಸ್ತಕ ತೆಗೆದು ನೋಡಿದೆ. ಎಂಟನೇ ಕ್ಲಾಸಿನ ಹುಡುಗರ ಸೊಂಟ 24, 25, 26. ಮೂವತ್ತು ಅಂತ ಬರೆದದ್ದು ಇಡೀ ಪುಸ್ತಕದಲ್ಲಿ ಎರಡೇ ಕಡೆ. ಈಗಿನ ಪುಸ್ತಕದಲ್ಲಿ 32, 34 ಪುಟಕ್ಕೊಂದಾದರೂ ಸಿಗುತ್ತದೆ. 36 ಅಂತ ಬರೆದ ಒಂದು ಸಾಲು ನನ್ನ ಮಗನದೇ. ಹತ್ತನೇ ಕ್ಲಾಸು, ವಯಸ್ಸು ಹದಿನೈದು, ತೂಕ 79 ಕೆಜಿ.

ಅದಕ್ಕೇ ಪೇಟೆಯಲ್ಲಿ ಮಹಡಿ ಮೇಲೆ ಕೂರುವ ಒಬ್ಬ ಡಯಟಿಷಿಯನ್ ಮೇಡಂ ಹತ್ತಿರ ಮೂರು ತಿಂಗಳು ಹೋದೆವು. ಹೆಸರು ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. ಸಣ್ಣ ಊರು, ಬರುವ ಮಕ್ಕಳನ್ನು ಜನ ಗುರುತಿಟ್ಟು ಮಾತಾಡಬಾರದು ಅಂತ. ಅವರು ಏನು ಮಾಡುತ್ತಾರೆ, ದುಡ್ಡು ಎಷ್ಟು, ಎಲ್ಲಿ ಎಡವಿದರು, ಅಷ್ಟನ್ನು ಬರೆಯುತ್ತೇನೆ. ನನ್ನಂತೆ ದಾರಿ ಕಾಣದೆ ಕೂತಿರುವ ತಾಯಂದಿರು ಇದ್ದೇ ಇರುತ್ತಾರೆ.

ಇದಕ್ಕೂ ಮೊದಲು ಇನ್ನೊಂದು ಕಡೆ ಹೋಗಿದ್ದೆವು. ಅಲ್ಲಿ ಊಟದ ಬದಲು ಕುಡಿಯುವ ಪುಡಿ ಮಾರುತ್ತಾರೆ. ಎಲ್ಲರ ಎದುರು ಮಗನನ್ನು ತಕ್ಕಡಿ ಮೇಲೆ ನಿಲ್ಲಿಸಿ ತೂಕ ಗಟ್ಟಿಯಾಗಿ ಓದಿದರು. ಹೊರಗೆ ಬಂದು ಅವನು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆ ಪುಡಿಯ ಡಬ್ಬಿ ಇನ್ನೂ ಅಟ್ಟದ ಮೇಲೆ ಇದೆ.

ಈ ಮೇಡಂ ಮಾಡಿದ್ದು ಬೇರೆ. ಬಾಗಿಲು ಹಾಕಿಕೊಂಡು, ಮೊದಲು ಅವನ ಹತ್ತಿರ ಮಾತಾಡಿದರು. ಎಷ್ಟಕ್ಕೆ ಏಳುತ್ತೀಯಾ ತಮ್ಮಾ, ಯಾವ ಆಟ ಇಷ್ಟ, ಮಲಗುವಾಗ ಮೊಬೈಲ್ ಎಲ್ಲಿರುತ್ತದೆ. ಆಮೇಲೆ ಅವನ ಕತ್ತಿನ ಹಿಂದೆ ನೋಡಿದರು. ಅಲ್ಲಿ ಒಂದು ಕಪ್ಪು ಪಟ್ಟಿ ಇತ್ತು. ನಾನು ಕೊಳೆ ಅಂದುಕೊಂಡು ಭಾನುವಾರ ಭಾನುವಾರ ಕಡಲೆಹಿಟ್ಟು ಹಚ್ಚಿ ನಾರಿನಲ್ಲಿ ತಿಕ್ಕುತ್ತಿದ್ದೆ. "ಆಯಿ, ಉರೀತದೆ" ಅಂತ ಅವನು ಕೂಗಿದರೂ ಬಿಡುತ್ತಿರಲಿಲ್ಲ. ಮೇಡಂ ಹೇಳಿದರು, "ಅಕ್ಕಾ, ಇದು ಕೊಳೆ ಅಲ್ಲ. ಮೈಯಲ್ಲಿ ಇನ್ಸುಲಿನ್ ಜಾಸ್ತಿ ಆಗಿ ಚರ್ಮ ದಪ್ಪ ಆಗಿದೆ. ಇನ್ನು ತಿಕ್ಕಬೇಡಿ." ನನಗೆ ಕಣ್ಣು ತುಂಬಿ ಬಂತು. ಎಷ್ಟು ಭಾನುವಾರ ನೋಯಿಸಿದ್ದೆ ಮಗುವನ್ನು!

ನಿಮ್ಮ ಮಕ್ಕಳ ಕತ್ತು, ಕಂಕುಳಲ್ಲಿ ಹೀಗೆ ಕಪ್ಪು ಇದ್ದರೆ ಸೋಪು ಬದಲಾಯಿಸುತ್ತಾ ಕೂರಬೇಡಿ. ಡಾಕ್ಟರಿಗೆ ತೋರಿಸಿ. ನಮ್ಮನ್ನೂ ಮೇಡಂ ಮಕ್ಕಳ ಡಾಕ್ಟರ್ ಹತ್ತಿರ ಕಳಿಸಿ ಸಕ್ಕರೆ, ಥೈರಾಯ್ಡ್ ಎರಡೂ ಪರೀಕ್ಷೆ ಮಾಡಿಸಿದರು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ. ಥೈರಾಯ್ಡ್ ಸರಿ ಇದೆ. ಥೈರಾಯ್ಡ್ ಇರಬೇಕು ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ದಪ್ಪ ಇರುವ ಮಕ್ಕಳಲ್ಲಿ ಅಂಥ ಕಾಯಿಲೆಯಿಂದ ದಪ್ಪ ಆದವರು ತೀರಾ ಕಡಿಮೆಯಂತೆ.

ಇನ್ನು ಟೇಪಿನ ವಿಷಯ. ನಾನು ಟೈಲರ್ ಅಂತ ಗೊತ್ತಾದ ಕೂಡಲೇ ಮೇಡಂ ನಕ್ಕು, ಟೇಪು ನನ್ನ ಕೈಗೇ ಕೊಟ್ಟರು. ನಾನು ಪ್ಯಾಂಟಿನ ಅಳತೆ ತೆಗೆಯುವಂತೆ ಹೊಟ್ಟೆಯ ಕೆಳಗೆ ಹಿಡಿದೆ. "ಅಲ್ಲಲ್ಲ, ಮೇಲೆ" ಅಂದರು. ಪಕ್ಕೆಲುಬು ಮುಗಿಯುವ ಜಾಗ, ಸೊಂಟದ ಮೂಳೆ, ಎರಡರ ನಡುವೆ. ಉಸಿರು ಬಿಟ್ಟ ಮೇಲೆ ಟೇಪು ಬಿಗಿ ಮಾಡದೆ ಓದಬೇಕು. 38 ಬಂತು. ಅವನ ಎತ್ತರ 64 ಇಂಚು. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, ಅಂದರೆ 32ರ ಒಳಗೆ. ಇಷ್ಟು ವರ್ಷ ಸಾವಿರಾರು ಮಕ್ಕಳಿಗೆ ಟೇಪು ಸುತ್ತಿದ್ದೇನೆ. ಈ ಲೆಕ್ಕ ಒಬ್ಬರೂ ಹೇಳಿರಲಿಲ್ಲ.

ನನ್ನ ಮಗ ಒಬ್ಬನೇ ಹೀಗಾ ಮೇಡಂ ಅಂತ ಕೇಳಿದೆ. ಅವರು ಒಂದು ಹಾಳೆ ತೋರಿಸಿದರು. 2022ರಲ್ಲಿ ಪ್ರಪಂಚದಲ್ಲಿ 5ರಿಂದ 19 ವಯಸ್ಸಿನವರಲ್ಲಿ 39 ಕೋಟಿ ಮಕ್ಕಳ ತೂಕ ಜಾಸ್ತಿ ಇತ್ತು, ಅದರಲ್ಲಿ 16 ಕೋಟಿ ಮಕ್ಕಳಿಗೆ ಬೊಜ್ಜು. ನಮ್ಮ ದೇಶದಲ್ಲಿ 1990ರಲ್ಲಿ ಬೊಜ್ಜಿದ್ದ ಮಕ್ಕಳು ಸುಮಾರು 4 ಲಕ್ಷ. 2022ಕ್ಕೆ 1.25 ಕೋಟಿ. ಇನ್ನೊಂದು ಮಾತೂ ಹೇಳಿದರು. ಸರ್ಕಾರ 2016ರಿಂದ 2018ರ ತನಕ ಮಾಡಿದ ಸಮೀಕ್ಷೆಯಲ್ಲಿ 10ರಿಂದ 19 ವಯಸ್ಸಿನವರಲ್ಲಿ ನೂರಕ್ಕೆ 5 ಜನರ ತೂಕ ಜಾಸ್ತಿ, 24 ಜನ ತೀರಾ ಸಣ್ಣ. ನನ್ನ ಪುಸ್ತಕದಲ್ಲೂ ಹಾಗೇ ಇದೆ ಅಲ್ವಾ! 36ರ ಹುಡುಗನ ಕೆಳಗಿನ ಸಾಲಿನಲ್ಲೇ, ಅದೇ ಕ್ಲಾಸಿನ 22ರ ಹುಡುಗಿ.

ಎರಡನೇ ಭೇಟಿಯಲ್ಲಿ ಮೇಡಂ ಮಗನ ಕೈಗೆ ಒಂದು ಸ್ಟೀಲ್ ಲೋಟ, ಸಕ್ಕರೆ ಡಬ್ಬಿ, ಚಮಚ ಕೊಟ್ಟರು. ಟ್ಯೂಷನ್ ಮುಗಿಸಿ ಅವನು ದಿನಾ ಕುಡಿಯುವ 250 ಮಿಲಿಯ ಕೂಲ್‌ಡ್ರಿಂಕ್ ಬಾಟಲಿಯ ಲೇಬಲ್ ಓದಲು ಹೇಳಿದರು. ನೂರು ಮಿಲಿಗೆ ಹತ್ತು ಗ್ರಾಂ ದಾಟಿದೆ. "ಚಮಚಕ್ಕೆ ಐದು ಗ್ರಾಂ. ಈಗ ನೀನೇ ಹಾಕು." ಒಂದು, ಎರಡು, ಮೂರು, ನಾಲ್ಕು. ಐದನೆಯದು ಹಾಕುವಾಗ ಅವನ ಕೈ ನಿಧಾನ ಆಯಿತು. ಲೋಟದ ತಳದಲ್ಲಿ ಬೆಳ್ಳಗೆ ಗುಡ್ಡೆ. "ಒಂದು ದಿನಕ್ಕೆ ಸಾಕಾಗುವಷ್ಟು ಸಕ್ಕರೆ ಇದೊಂದರಲ್ಲೇ ಮುಗೀತು. ಚಹಾ, ಬಿಸ್ಕತ್ತು, ಬೇಕರಿಯ ಕ್ರೀಮ್ ಬನ್ನು ಇನ್ನೂ ಬಾಕಿ" ಅಂದರು. ಬೈಗುಳ ಇಲ್ಲ, ಹೆದರಿಸುವುದೂ ಇಲ್ಲ. ಅವನು ಮನೆಗೆ ಬಂದು ಅಜ್ಜಿಗೂ ಹಾಗೇ ಲೋಟದಲ್ಲಿ ಹಾಕಿ ತೋರಿಸಿದ. "ತಿನ್ನೋ ವಯಸ್ಸು, ಬಿಡು" ಅನ್ನುತ್ತಿದ್ದ ನಮ್ಮ ಅತ್ತೆ ಅವತ್ತು ಮಾತಾಡಲಿಲ್ಲ.

ಬರೀ ತಿನ್ನುವುದರ ಮೇಲೆ ತಪ್ಪು ಹಾಕಲಿಲ್ಲ ಮೇಡಂ. ಮನೆಯ ದಿನಚರಿ ಪೂರ್ತಿ ಬರೆಸಿದರು. ಬರೆದಾಗಲೇ ನಮಗೂ ಕಂಡಿತು. ದೊಡ್ಡ ಮಗಳು ಶಾಲೆಗೆ ಸೈಕಲ್ ತುಳಿದೇ ಹೋದವಳು. ಹೈವೇ ಚತುಷ್ಪಥ ಆದ ಮೇಲೆ ಆ ಲಾರಿಗಳ ನಡುವೆ ಇವನನ್ನು ಸೈಕಲ್ ಮೇಲೆ ಬಿಡಲು ಧೈರ್ಯ ಬರಲಿಲ್ಲ. ವ್ಯಾನ್ ಹಚ್ಚಿದೆವು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಮಳೆ ಗೊತ್ತಲ್ಲ, ಮೈದಾನದಲ್ಲಿ ಕಾಲಿಡಲು ಆಗುವುದಿಲ್ಲ. ಬೆಳಿಗ್ಗೆ ಐದೂವರೆಗೆ ಒಂದು ಟ್ಯೂಷನ್, ಸಂಜೆ ಇನ್ನೊಂದು. ಮಲಗುವುದು ಹನ್ನೆರಡಕ್ಕೆ. ಈ ವಯಸ್ಸಿಗೆ 8ರಿಂದ 10 ತಾಸು ನಿದ್ದೆ ಬೇಕು, ನಿದ್ದೆ ಕಡಿಮೆ ಆದರೆ ಹಸಿವು ಏರುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಎಣ್ಣೆ ತಿಂಗಳಿಗೆ 5 ಲೀಟರ್ ಕ್ಯಾನು, ನಾಲ್ಕು ಜನಕ್ಕೆ. ಲೆಕ್ಕ ಹಾಕಿದರೆ ತಲೆಗೆ ದಿನಕ್ಕೆ ಎಂಟು ಚಮಚ. ಮೂರು ಲೀಟರಿಗೆ ಇಳಿಸಿ ಅಂದರು. ಬೆಳಗಿನ ಟ್ಯೂಷನ್ ಬಿಡಿಸಿದೆವು. ಅದಕ್ಕೆ ನಮ್ಮ ಯಜಮಾನರನ್ನು ಒಪ್ಪಿಸಲು ಒಂದು ವಾರ ಬೇಕಾಯಿತು.

ಈಗ ಹಿಡಿಸದ್ದು. ಮೊದಲ ದಿನ ಕೊಟ್ಟ ಪ್ರಿಂಟ್ ಚಾರ್ಟ್ ನಮ್ಮ ಊರಿನದಲ್ಲ. ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ. ಕುಚ್ಚಲಕ್ಕಿ ಅನ್ನ, ಮೀನು ಸಾರು ಉಣ್ಣುವ ಮನೆಗೆ ಇದು ಹೇಗೆ ಹೊಂದುತ್ತದೆ? ನಾನು ಕೇಳಿದ ಮೇಲೆ ಕೈಯಲ್ಲೇ ಬೇರೆ ಬರೆದುಕೊಟ್ಟರು. ಅನ್ನ ಎರಡು ಸೌಟು, ಪಲ್ಯ ಜಾಸ್ತಿ, ಬಂಗಡೆ ರವಾ ಫ್ರೈ ವಾರಕ್ಕೊಮ್ಮೆ, ಉಳಿದ ದಿನ ಸಾರಿನಲ್ಲೇ. ಟ್ಯೂಷನ್‌ಗೆ ಹೋಗುವಾಗ ಬೇಯಿಸಿದ ಶೇಂಗಾ ಅಥವಾ ಮೊಟ್ಟೆ, ಒಂದು ಬಾಟಲಿ ಮಜ್ಜಿಗೆ. ಇದನ್ನು ಮೊದಲೇ ಕೊಟ್ಟಿದ್ದರೆ ಎರಡು ವಾರ ಉಳಿಯುತ್ತಿತ್ತು. ವಾಟ್ಸಾಪ್‌ನಲ್ಲಿ ಕೇಳಿದ್ದಕ್ಕೆ ಉತ್ತರ ಎರಡು ದಿನ ಬಿಟ್ಟು ಬರುತ್ತದೆ. ಮೂರು ತಿಂಗಳಿಗೆ 3,500 ರೂಪಾಯಿ, ರಕ್ತ ಪರೀಕ್ಷೆ ಬೇರೆ. ನನಗೆ ಅದು ಸಣ್ಣ ಮೊತ್ತ ಅಲ್ಲ. ಅಷ್ಟು ಆಗದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ 10ರಿಂದ 19 ವಯಸ್ಸಿನವರಿಗಾಗಿ ಸ್ನೇಹ ಕ್ಲಿನಿಕ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಅಲ್ಲಿ ಮೊದಲು ಕೇಳಿ ನೋಡಿ.

ತೂಕ 79ರಿಂದ 77ಕ್ಕೆ ಬಂದಿದೆ, ಅಷ್ಟೇ. ಆದರೆ ಎತ್ತರ ಅರ್ಧ ಇಂಚು ಏರಿದೆ, ಸೊಂಟ 36 ಮುಕ್ಕಾಲು. ಬೆಳೆಯುವ ಮಕ್ಕಳಿಗೆ ತೂಕ ಏರದೆ ನಿಂತರೂ ಒಳ್ಳೆಯದೇ ಅಂದರು. ಕತ್ತಿನ ಕಪ್ಪು ಇನ್ನೂ ಇದೆ, ಸ್ವಲ್ಪ ತಿಳಿಯಾಗಿದೆ. ಸಂಜೆ ಮಳೆ ಬಿಟ್ಟ ದಿನ ಅವನೇ ಗೆಳೆಯನನ್ನು ಕರೆದುಕೊಂಡು ಟಾಗೋರ್ ಬೀಚಿಗೆ ನಡೆಯಲು ಹೋಗುತ್ತಾನೆ. ನಾನು ಇನ್ನೂ ಮೂರು ತಿಂಗಳಿಗೆ ದುಡ್ಡು ಕಟ್ಟಿದ್ದೇನೆ.

ಹೋಗುವವರು ಮಂಗಳವಾರ ಹೋಗಿ, ಶನಿವಾರ ಒಂದೂವರೆ ತಾಸು ಕಾಯಬೇಕು. ಮನೆಯ ಎಣ್ಣೆ, ಸಕ್ಕರೆ ತಿಂಗಳಿಗೆ ಎಷ್ಟು ಬರುತ್ತದೆ ಅಂತ ಬರೆದುಕೊಂಡು ಹೋಗಿ, ಅದನ್ನೇ ಮೊದಲು ಕೇಳುತ್ತಾರೆ. ಮಕ್ಕಳಿಗೆ ತಿಂಡಿ ಕೊಟ್ಟೇ ಕರೆದುಕೊಂಡು ಹೋಗಿ. ಮೆಟ್ಟಿಲ ಕೆಳಗೆ ಬೇಕರಿ ಇದೆ, ಪಫ್ಸ್ ಬೇಯುವ ವಾಸನೆ ಮೇಲಿನ ತನಕ ಬರುತ್ತದೆ.