ಮಾತ್ರೆಯ ವೇಳೆ ನೆನಪಿಸಲು: ಫೋನು, ಡಬ್ಬಿ, ಕೈಗಡಿಯಾರ

ಪಾರ್ಕಿನ್ಸನ್ ಕಾಯಿಲೆಯ ಮಾತ್ರೆಗಳ ವೇಳೆಯನ್ನು ನೆನಪಿಸುವ ಸಾಧನಗಳಲ್ಲಿ, ಸದ್ದಿಲ್ಲದೆ ಮಣಿಕಟ್ಟಿನ ಮೇಲೆ ಕಂಪಿಸುವ ಸಾದಾ ಕೈಗಡಿಯಾರವೇ ನನಗೆ ಎಲ್ಲಕ್ಕಿಂತ ಹೆಚ್ಚು ಒದಗಿಬಂದಿದೆ. ಅದಕ್ಕೂ ಮೊದಲು ಫೋನಿನ ಅಲಾರಂ ಬಳಸುತ್ತಿದ್ದೆ. ಹೊತ್ತಿಗೆ ಸರಿಯಾಗಿ ಸದ್ದು ಮಾಡಿ ಮಾತ್ರೆಯನ್ನು ಮುಂದೊಡ್ಡುವ ಯಂತ್ರದ ಡಬ್ಬಿಯನ್ನೂ ತರಿಸಿದ್ದೆ.

ಈ ಕಾಯಿಲೆಯ ಮುಖ್ಯ ಔಷಧಿ ಲೆವೊಡೋಪ. ಚಲನೆಯನ್ನು ನಿಯಂತ್ರಿಸುವ ಡೋಪಮೈನ್ ಎಂಬ ರಾಸಾಯನಿಕವಾಗಿ ಅದು ಮಿದುಳಿನಲ್ಲಿ ಬದಲಾಗುತ್ತದೆ. ದಾರಿಯಲ್ಲೇ ಅದು ವ್ಯರ್ಥವಾಗದಂತೆ ತಡೆಯುವ ಕಾರ್ಬಿಡೋಪದ ಜೊತೆಗೆ ಸೇವಿಸಿದರೂ ರಕ್ತದಲ್ಲಿ ಲೆವೊಡೋಪದ ಪ್ರಮಾಣ ಸುಮಾರು 1.5 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಕಾಯಿಲೆ ಹಳೆಯದಾದಂತೆ ಡೋಪಮೈನನ್ನು ಕೂಡಿಟ್ಟುಕೊಳ್ಳುವ ನರಕೋಶಗಳು ಕಡಿಮೆಯಾಗುವುದರಿಂದ, ಒಂದು ಮಾತ್ರೆ ತಡವಾದರೂ ಬಿಗಿತ ಮತ್ತು ನಡುಕ ಮರಳುತ್ತವೆ. ಪ್ರೋಟೀನ್ ಹೆಚ್ಚಿರುವ ಆಹಾರವು ಕರುಳಿನಲ್ಲಿಯೂ ರಕ್ತದಿಂದ ಮಿದುಳಿಗೆ ದಾಟುವಲ್ಲಿಯೂ ಈ ಔಷಧಿಗೆ ಅಡ್ಡಬರುವುದರಿಂದ, ಊಟಕ್ಕೆ 30 ನಿಮಿಷ ಮೊದಲೇ ಸೇವಿಸುವಂತೆ ನನ್ನ ವೈದ್ಯರು ಹೇಳಿದ್ದಾರೆ.

ಫೋನಿನ ತೊಂದರೆ ಇರುವುದು ಅದನ್ನು ನಿಲ್ಲಿಸುವಲ್ಲಿ. ಅದು ಕೂಗುವುದು ಹಿಂದಿನ ಮಾತ್ರೆಯ ಪ್ರಭಾವ ಇಳಿದು ಕೈ ಅತಿ ಹೆಚ್ಚು ನಡುಗುವ ಹೊತ್ತಿನಲ್ಲಿ. ಒಮ್ಮೆಲೇ ಎದ್ದ ಸದ್ದಿಗೆ ಮೈ ಬೆಚ್ಚಿ, ನಾಲ್ಕು ಜನರ ನಡುವೆ ಬೇಗ ನಿಲ್ಲಿಸಬೇಕೆಂಬ ಆತಂಕಕ್ಕೆ ನಡುಕ ಇನ್ನಷ್ಟು ಹೆಚ್ಚುತ್ತದೆ. ಬೆರಳನ್ನು ಪರದೆಯ ಮೇಲೆ ಸರಿಸಲು ಹೋದರೆ ಒಂದು ಸ್ಪರ್ಶ ಹಲವಾಗುತ್ತದೆ.

ಹೀಗಾದಾಗ ಅಲಾರಂ ನಿಂತಿತೋ, ಮುಂದಕ್ಕೆ ಹೋಯಿತೋ ತಿಳಿಯುವುದಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಅದು ಮತ್ತೆ ಕೂಗಿದಾಗ, ಮಾತ್ರೆ ನುಂಗಿಯಾಗಿದೆಯೇ ಎಂಬ ಅನುಮಾನ ಕಾಡುತ್ತದೆ. ಎರಡು ಸಲ ನುಂಗಿದರೆ ಅಂಗಾಂಗಗಳು ತಾವಾಗಿಯೇ ಹೊರಳಾಡುವ ಭಯ. ಬಿಟ್ಟರೆ ಕಾಲು ನೆಲಕ್ಕೆ ಅಂಟಿ ನಿಲ್ಲುವ ಭಯ. ಒತ್ತಡವನ್ನು ತಗ್ಗಿಸಬೇಕಾದ ಸಾಧನವೇ ಒತ್ತಡವನ್ನು ಹುಟ್ಟಿಸುವುದನ್ನು ನಾನು ಒಪ್ಪಲಾರೆ.

ಯಂತ್ರದ ಡಬ್ಬಿಯಲ್ಲಿ ಈ ಅನುಮಾನಕ್ಕೆ ಎಡೆಯಿಲ್ಲ. ಆದರೆ ಅದರ ಸಣ್ಣ ಗೂಡುಗಳಿಗೆ ಮಾತ್ರೆ ತುಂಬಲು ನನಗೆ ಇನ್ನೊಬ್ಬರ ಕೈ ಬೇಕು, ಹೊರಗೆ ಒಯ್ಯುವುದೂ ಕಷ್ಟ.

ಕೈಗಡಿಯಾರಕ್ಕೆ ಒಂದೇ ಗುಂಡಿ. ನಡುಗುವ ಹೆಬ್ಬೆರಳೂ ಅದನ್ನು ಒತ್ತಬಲ್ಲದು. ಅದು ಕಂಪಿಸಿದೊಡನೆ ಕುಳಿತು, ಉಸಿರನ್ನು ನಿಧಾನವಾಗಿ ಹೊರಬಿಡುತ್ತೇನೆ. ಇದು ಡೋಪಮೈನಿನ ಕೊರತೆಯನ್ನು ತುಂಬುವುದಿಲ್ಲ, ಆದರೆ ಆತಂಕದಿಂದ ಹೆಚ್ಚಿದ ನಡುಕ ಇಳಿದು, ನೀರು ಚೆಲ್ಲದೆ ಲೋಟವನ್ನು ಎತ್ತಲು ಸಾಧ್ಯವಾಗುತ್ತದೆ. ನಾನು ಹೋಗುವ ತಾಯ್ ಚಿ (ನಿಧಾನ ಚಲನೆಗಳ ಚೀನೀ ವ್ಯಾಯಾಮ) ತರಗತಿಯಲ್ಲಿಯೂ ಈ ಗಡಿಯಾರದಿಂದ ಯಾರಿಗೂ ಅಡಚಣೆಯಿಲ್ಲ. 2012ರಲ್ಲಿ ಪ್ರಕಟವಾದ, 195 ಪಾರ್ಕಿನ್ಸನ್ ರೋಗಿಗಳು ಭಾಗವಹಿಸಿದ್ದ 24 ವಾರಗಳ ಪ್ರಯೋಗವೊಂದರಲ್ಲಿ ತಾಯ್ ಚಿ ಅಭ್ಯಾಸದಿಂದ ದೇಹದ ಸಮತೋಲನ ಸುಧಾರಿಸಿದ್ದು ಕಂಡುಬಂದಿತ್ತು. ನಾನು ಅದನ್ನು ಬಿಡದೆ ಮುಂದುವರಿಸಲು ಅದೂ ಒಂದು ಕಾರಣ.

ಗಡಿಯಾರದ ಬಕಲ್ ಮಾತ್ರ ಹಾಕಲಾಗಲಿಲ್ಲ. ವೆಲ್ಕ್ರೋ ಪಟ್ಟಿ ಹಾಕಿಸಿದೆ. ನುಂಗಿದ ಲೆಕ್ಕಕ್ಕೆ, ದೊಡ್ಡ ಮುಚ್ಚಳಗಳಿರುವ ಏಳು ದಿನಗಳ ಸಾದಾ ಡಬ್ಬಿಯೊಂದನ್ನು ಜೊತೆಗಿಟ್ಟಿದ್ದೇನೆ. ಎರಡೂ ಸೇರಿ ಯಂತ್ರದ ಡಬ್ಬಿಗಿಂತ ಅಗ್ಗ. ನೆನಪಿನ ಶಕ್ತಿ ಕುಂದಿ ಎರಡೆರಡು ಸಲ ಮಾತ್ರೆ ನುಂಗುವ ಅಪಾಯವಿರುವವರಿಗೆ ಮಾತ್ರ, ಮನೆಯವರು ತುಂಬಿಕೊಡುವಂತಿದ್ದರೆ, ಬೀಗವಿರುವ ಯಂತ್ರದ ಡಬ್ಬಿಯನ್ನೇ ಸೂಚಿಸುತ್ತೇನೆ.